ಅಂಕಿ ಬಂತು, ಅಳತೆ ಬಂತೇ? ಎಂಜಿನಿಯರಿಂಗ್ ಪದವಿಯ ಮಾಪನ ಪ್ರಯೋಗಾಲಯ: ಒಂದು ವಿಮರ್ಶೆ

ಕೆಲವು ವರ್ಷಗಳ ಹಿಂದೆ ಒಂದು ಎಂಜಿನಿಯರಿಂಗ್ ಕಾಲೇಜಿನ ಪ್ರಾಯೋಗಿಕ ಪರೀಕ್ಷೆಗೆ ಹೊರ ಪರೀಕ್ಷಕನಾಗಿ ಹೋಗಿದ್ದೆ. ವಿದ್ಯಾರ್ಥಿಯೊಬ್ಬನಿಗೆ ಎಲ್‌ವಿಡಿಟಿ ಬಂದಿತ್ತು. ತಂತಿ ಸುರುಳಿಗಳ ನಡುವೆ ಕಬ್ಬಿಣದ ತಿರುಳೊಂದು ಸರಿದಾಗ ಉಂಟಾಗುವ ವೋಲ್ಟೇಜಿನಿಂದ ಸ್ಥಾನಾಂತರವನ್ನು ತಿಳಿಸುವ ಸಂವೇದಕ ಅದು. ಹುಡುಗ ಮೈಕ್ರೋಮೀಟರನ್ನು ಸೊನ್ನೆಗೆ ತಂದು ‘ಜೀರೋ’ ಗುಬುಟನ್ನು ತಿರುಗಿಸಿದ. ಬಳಿಕ 10 ಮಿ.ಮೀ.ಗೆ ಒಯ್ದು, ಫಲಕದಲ್ಲಿ 10.00 ಕಾಣುವವರೆಗೆ ‘ಕ್ಯಾಲ್’ ಗುಬುಟನ್ನು ತಿರುಗಿಸಿದ. ಆಮೇಲೆ ಒಂದೊಂದೇ ಮಿ.ಮೀ. ಸರಿಸುತ್ತಾ ಕೋಷ್ಟಕ ತುಂಬಿ, ದೋಷದ ಕಲಮಿನ ಕೊನೆಯ ಸಾಲಿನಲ್ಲಿ 0.00 ಎಂದು ಬರೆದ. “10 ಮಿ.ಮೀ.ನಲ್ಲಿ ದೋಷ ಸೊನ್ನೆಯಾದದ್ದು ಹೇಗೆ?” ಎಂದು ಕೇಳಿದೆ. “ಉಪಕರಣ ಚೆನ್ನಾಗಿದೆ ಸಾರ್” ಎಂದ.

ದೋಷ ಸೊನ್ನೆಯಾದದ್ದು ಅವನೇ ಹಾಗೆ ಮಾಡಿದ್ದರಿಂದ. ಆದರೆ ಕೈಪಿಡಿಯಲ್ಲಿ ಬರೆದಿದ್ದ ಕ್ರಮವೂ ಅದೇ ಆಗಿತ್ತು. ಅದನ್ನು ತಪ್ಪಿಲ್ಲದೆ ಪಾಲಿಸಿದ್ದ ವಿದ್ಯಾರ್ಥಿಗೆ ನಾನು ಪೂರ್ಣ ಅಂಕ ಕೊಡಬೇಕಾಯಿತು, ಕೊಟ್ಟೆ. ಈ ಬರಹ ಆ ಹುಡುಗನ ಮೇಲಿನ ಆಕ್ಷೇಪಣೆಯಲ್ಲ. ಪೂರ್ಣ ಅಂಕ ಕೊಟ್ಟ ನನ್ನಂಥವರ ಮೇಲೆ, ಹಾಗೆ ಕೊಡಲು ಅವಕಾಶ ಮಾಡುವ ಪಾಠಕ್ರಮದ ಮೇಲೆ ಇದು ಆಕ್ಷೇಪಣೆ.

ಪಠ್ಯಕ್ರಮದಲ್ಲಿ ಏನಿದೆ?

1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ರಾಜ್ಯದ ಬಹುಪಾಲು ಎಂಜಿನಿಯರಿಂಗ್ ಕಾಲೇಜುಗಳಿಗೆ ಒಂದೇ ಪಠ್ಯಕ್ರಮ ದೊರೆಯಿತು. ಅದರ 2010ರ ಯೋಜನೆಯ ‘ಮೆಕ್ಯಾನಿಕಲ್ ಮೆಷರ್‌ಮೆಂಟ್ಸ್ ಅಂಡ್ ಮೆಟ್ರಾಲಜಿ’ ಪ್ರಯೋಗಾಲಯವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಮೊದಲ ಭಾಗದಲ್ಲಿ ಒತ್ತಡಮಾಪಕ, ಥರ್ಮೋಕಪಲ್, ಎಲ್‌ವಿಡಿಟಿ ಮತ್ತು ಲೋಡ್ ಸೆಲ್‌ಗಳ ಕ್ಯಾಲಿಬ್ರೇಷನ್. ಜೊತೆಗೆ ಸ್ಟ್ರೇನ್ ಗೇಜ್ ಬಳಸಿ ಮೆದು ಉಕ್ಕಿನ ಸ್ಥಿತಿಸ್ಥಾಪಕತ್ವ ಗುಣಾಂಕದ ನಿರ್ಣಯ. ಎರಡನೆಯ ಭಾಗದಲ್ಲಿ ಸೈನ್ ಬಾರ್, ಆಟೋಕಾಲಿಮೇಟರ್, ಸ್ಕ್ರೂ ಎಳೆಗಳ ಅಳತೆ, ಗಿಯರ್ ಹಲ್ಲಿನ ಅಳತೆ, ಸ್ಲಿಪ್ ಗೇಜ್‌ಗಳಿಂದ ಮೈಕ್ರೋಮೀಟರಿನ ಕ್ಯಾಲಿಬ್ರೇಷನ್, ಆಪ್ಟಿಕಲ್ ಫ್ಲ್ಯಾಟ್ ಮುಂತಾದವು.

ಪಟ್ಟಿ ಸಣ್ಣದಲ್ಲ. ಒಬ್ಬ ವಿದ್ಯಾರ್ಥಿ ಒಂದೇ ಸೆಮಿಸ್ಟರಿನಲ್ಲಿ ಇಷ್ಟು ಬಗೆಯ ಉಪಕರಣಗಳನ್ನು ಕೈಯಲ್ಲಿ ಹಿಡಿದು ನೋಡುವುದು ಒಳ್ಳೆಯದೇ. ಮುಂದಿನ ಯೋಜನೆಗಳಲ್ಲಿ ವಿಷಯದ ಹೆಸರು, ಜೋಡಣೆ ಬದಲಾಗುತ್ತ ಬಂದಿವೆ. ಆದರೆ ನಾನು ಕಂಡ ಪ್ರಯೋಗಾಲಯಗಳಲ್ಲಿ ಎರಡು ಕೊರತೆಗಳು ಹಾಗೆಯೇ ಉಳಿದಿವೆ.

ಮೊದಲನೆಯದು, ಪ್ರತಿ ಪ್ರಯೋಗದ ಉತ್ತರವೂ ಮೊದಲೇ ಗೊತ್ತಿರುತ್ತದೆ. ಮೆದು ಉಕ್ಕಿನ ಗುಣಾಂಕ ಸುಮಾರು 200 ಗಿಗಾಪಾಸ್ಕಲ್ ಎಂಬುದು ಪಠ್ಯಪುಸ್ತಕದಲ್ಲಿದೆ. 203 ಬಂದರೆ ವಿದ್ಯಾರ್ಥಿ ಸಂತೋಷದಿಂದ ನಿಲ್ಲಿಸುತ್ತಾನೆ. 160 ಬಂದರೆ ಗೆಳೆಯನ ರೆಕಾರ್ಡ್ ಪುಸ್ತಕ ನೋಡುತ್ತಾನೆ. ಎರಡೂ ಸಂದರ್ಭಗಳಲ್ಲಿ ಉಪಕರಣದ ಬಗ್ಗೆ ಅವನು ಏನನ್ನೂ ಕಲಿಯುವುದಿಲ್ಲ. ಸ್ಟ್ರೇನ್ ಗೇಜಿನ ಅಂಟು ಸಡಿಲವಾಗಿತ್ತೇ, ತೊಲೆಯ ದಪ್ಪವನ್ನು ಸರಿಯಾಗಿ ಅಳೆದೆವೇ ಎಂಬ ಪ್ರಶ್ನೆ ಏಳುವುದು 160 ಬಂದಾಗ. ಅದನ್ನು ಕೇಳುವ ಅವಕಾಶವನ್ನೇ ನಾವು ತಪ್ಪಿಸುತ್ತೇವೆ.

ಎರಡನೆಯದು, ಫಲಿತಾಂಶದೊಂದಿಗೆ ಅದರ ಅನಿಶ್ಚಿತತೆ ಬರೆಯುವ ರೂಢಿಯಿಲ್ಲ. ಅಳತೆಯ ಅನಿಶ್ಚಿತತೆಯನ್ನು ಹೇಗೆ ಲೆಕ್ಕಹಾಕಿ ಹೇಗೆ ಬರೆಯಬೇಕು ಎಂಬ ಅಂತಾರಾಷ್ಟ್ರೀಯ ಮಾರ್ಗದರ್ಶಿ ಪ್ರಕಟವಾದದ್ದು 1993ರಲ್ಲಿ. ಮಾಪನಶಾಸ್ತ್ರದ ಅಂತಾರಾಷ್ಟ್ರೀಯ ಪದಕೋಶದ 2008ರ ಆವೃತ್ತಿ, ಕ್ಯಾಲಿಬ್ರೇಷನ್ ಅಂದರೆ ಅಂಶಾಂಕನವನ್ನು ಉಪಕರಣದ ಹೊಂದಾಣಿಕೆಯೊಂದಿಗೆ ಗೊಂದಲ ಮಾಡಿಕೊಳ್ಳಬಾರದು ಎಂದು ಸ್ಪಷ್ಟವಾಗಿ ಹೇಳುತ್ತದೆ. ಗುಬುಟು ತಿರುಗಿಸುವುದು ಹೊಂದಾಣಿಕೆ. ತಿರುಗಿಸಿದ ಮೇಲೆ ಅದಕ್ಕೆ ಸಂಬಂಧಪಡದ ಬೇರೊಂದು ಮಾನಕದೊಂದಿಗೆ ಹೋಲಿಸಿ, ಎಷ್ಟು ವ್ಯತ್ಯಾಸವಿದೆ, ಆ ವ್ಯತ್ಯಾಸವನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂದು ದಾಖಲಿಸುವುದು ಕ್ಯಾಲಿಬ್ರೇಷನ್. ನಮ್ಮ ಎಲ್‌ವಿಡಿಟಿ ಪ್ರಯೋಗ ಮೊದಲನೆಯದನ್ನು ಮಾಡಿಸಿ ಎರಡನೆಯದರ ಹೆಸರನ್ನು ಇಟ್ಟುಕೊಂಡಿದೆ.

ಪಟ್ಟಿಯಲ್ಲಿ ನಿಜವಾದ ಕ್ಯಾಲಿಬ್ರೇಷನ್‌ಗೆ ಹತ್ತಿರವಿರುವುದು ತೂಕದ ಬಿಲ್ಲೆಗಳಿಂದ ಒತ್ತಡಮಾಪಕವನ್ನು ಪರೀಕ್ಷಿಸುವ ಪ್ರಯೋಗ. ಇಲ್ಲಿ ಮಾನಕ ಸ್ವತಂತ್ರವಾದದ್ದು: ಬಿಲ್ಲೆಯ ತೂಕ ಮತ್ತು ಪಿಸ್ಟನ್ನಿನ ವಿಸ್ತೀರ್ಣ. ಆದರೆ ಇಲ್ಲೂ ಒಂದು ಒಳ್ಳೆಯ ಪ್ರಶ್ನೆ ತಪ್ಪಿಹೋಗುತ್ತದೆ. ಮಾನಕ ಗುರುತ್ವ ವೇಗೋತ್ಕರ್ಷ ಸೆಕೆಂಡಿನ ವರ್ಗಕ್ಕೆ 9.80665 ಮೀಟರ್, ಬೆಂಗಳೂರು, ರಾಮನಗರದ ಸುತ್ತ ಅದು ಸುಮಾರು 9.78. ಮಾನಕ ಗುರುತ್ವಕ್ಕೆ ತಕ್ಕಂತೆ ಒತ್ತಡದ ಗುರುತು ಹಾಕಿದ ಬಿಲ್ಲೆಗಳು ಇಲ್ಲಿ ಶೇ. 0.27ರಷ್ಟು ಕಡಿಮೆ ಒತ್ತಡ ಉಂಟುಮಾಡುತ್ತವೆ. ಪೂರ್ಣ ಅಳತೆಯ ಶೇ. 1ರಷ್ಟು ದೋಷಕ್ಕೆ ಅವಕಾಶವಿರುವ ಮಾಪಕಕ್ಕೆ ಇದು ಮುಖ್ಯವೇ? ಶೇ. 0.25ರ ಮಾಪಕಕ್ಕೆ? ಐದು ನಿಮಿಷದ ಈ ಚರ್ಚೆ ಕೋಷ್ಟಕದ ಹತ್ತು ಸಾಲುಗಳಿಗಿಂತ ಹೆಚ್ಚು ಕಲಿಸಬಲ್ಲದು.

ಹೊರಗಿನವರ ಅನುಭವ

ಇದು ನಮ್ಮ ರಾಜ್ಯಕ್ಕೆ ಸೀಮಿತವಾದ ಸಮಸ್ಯೆಯಲ್ಲ. 2005ರಲ್ಲಿ ಫೈಸೆಲ್ ಮತ್ತು ರೋಸಾ ಎಂಬ ಅಮೆರಿಕದ ಶಿಕ್ಷಣತಜ್ಞರು ಎಂಜಿನಿಯರಿಂಗ್ ಪದವಿಯಲ್ಲಿ ಪ್ರಯೋಗಾಲಯದ ಪಾತ್ರ ಕುರಿತು ಪ್ರಕಟಿಸಿದ ಲೇಖನದಲ್ಲಿ ಪ್ರಯೋಗಾಲಯದ 13 ಉದ್ದೇಶಗಳನ್ನು ಪಟ್ಟಿ ಮಾಡಿದರು. ಅದರಲ್ಲಿ ಮೊದಲನೆಯದೇ ಉಪಕರಣ ಮತ್ತು ಮಾಪನ; ವಿಫಲತೆಯಿಂದ ಕಲಿಯುವುದಕ್ಕೂ ಪಟ್ಟಿಯಲ್ಲಿ ಪ್ರತ್ಯೇಕ ಸ್ಥಾನವಿದೆ. 2018ರಲ್ಲಿ ನತಾಶಾ ಹೋಮ್ಸ್ ಮತ್ತು ನೊಬೆಲ್ ಪುರಸ್ಕೃತ ಕಾರ್ಲ್ ವೀಮನ್ ಮೂರು ಸಂಸ್ಥೆಗಳ ಒಂಬತ್ತು ಭೌತವಿಜ್ಞಾನ ಪ್ರಯೋಗಾಲಯ ಕೋರ್ಸುಗಳನ್ನು ಪರಿಶೀಲಿಸಿ ವರದಿ ಮಾಡಿದರು: ತರಗತಿಯ ಸಿದ್ಧಾಂತವನ್ನು ದೃಢಪಡಿಸಲೆಂದು ನಡೆಸಿದ ಪ್ರಯೋಗಗಳಿಂದ ಆ ಸಿದ್ಧಾಂತದ ಪರೀಕ್ಷಾ ಅಂಕಗಳಲ್ಲಿ ಅಳೆಯಬಹುದಾದ ಲಾಭವೇನೂ ಕಾಣಲಿಲ್ಲ.

ಹಾಗಾದರೆ ಯಾವ ಬಗೆಯ ಪ್ರಯೋಗದಿಂದ ಲಾಭ? ಅವರೇ ಡಗ್ಲಸ್ ಬಾನ್ ಜೊತೆಗೂಡಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಸರಳ ಉದಾಹರಣೆಯಿದೆ. ಲೋಲಕದ ಆಂದೋಲನ ಕಾಲವನ್ನು 10 ಡಿಗ್ರಿ ಮತ್ತು 20 ಡಿಗ್ರಿ ಕೋನಗಳಲ್ಲಿ ಅಳೆದು ಹೋಲಿಸಬೇಕು. ಎರಡೂ ಒಂದೇ ಎಂದು ನಾವು ಪಿ.ಯು.ಸಿ.ಯಲ್ಲಿ ಓದಿರುತ್ತೇವೆ. ನಿಜದಲ್ಲಿ ಶೇ. 0.6ರಷ್ಟು ವ್ಯತ್ಯಾಸವಿದೆ. ಒಂದು ಮೀಟರ್ ಉದ್ದದ ಲೋಲಕಕ್ಕೆ ಅದು ಸುಮಾರು 0.011 ಸೆಕೆಂಡ್. ಸ್ಟಾಪ್‌ವಾಚ್ ಒತ್ತುವ ಕೈಯ ತಡ 0.2 ಸೆಕೆಂಡ್ ಎಂದಿಟ್ಟುಕೊಂಡರೆ ಒಂದು ಆಂದೋಲನದಲ್ಲಿ ಈ ವ್ಯತ್ಯಾಸ ಕಾಣುವಂತಿಲ್ಲ. 50 ಆಂದೋಲನಗಳನ್ನು ಒಟ್ಟಿಗೆ ಅಳೆದರೆ ತಡ 0.004ಕ್ಕೆ ಇಳಿದು ವ್ಯತ್ಯಾಸ ಕಾಣತೊಡಗುತ್ತದೆ. ಹೋಲಿಸು, ಅಳತೆಯನ್ನು ಸುಧಾರಿಸು, ಮತ್ತೆ ಹೋಲಿಸು ಎಂಬ ಅಭ್ಯಾಸ ಪಡೆದ ವಿದ್ಯಾರ್ಥಿಗಳು ಅದನ್ನು ಮರುವರ್ಷದ ಬೇರೆ ಕೋರ್ಸಿಗೂ ಒಯ್ದರು ಎಂಬುದು ಆ ಅಧ್ಯಯನದ ಮುಖ್ಯ ಫಲಿತಾಂಶ. ಬೇಕಾದ ಉಪಕರಣ ದಾರ, ಗುಂಡು ಮತ್ತು ಒಂದು ಗಡಿಯಾರ ಮಾತ್ರ.

ಊರಿನಲ್ಲೇ ಇರುವ ಪ್ರಯೋಗಗಳು

ಉತ್ತರ ಗೊತ್ತಿಲ್ಲದ, ಆದರೆ ಉತ್ತರ ಯಾರಿಗೋ ಬೇಕಾಗಿರುವ ಅಳತೆಗಳನ್ನು ಎಲ್ಲಿ ಹುಡುಕುವುದು? ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳನ್ನು ನೋಡೋಣ. 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರೆಯಾಗಿ ಒಂದು ಜಿಲ್ಲೆಯಾದ ಈ ನಾಲ್ಕು ತಾಲ್ಲೂಕುಗಳಲ್ಲಿ ಅಳತೆಯನ್ನೇ ನಂಬಿದ ಕಸುಬುಗಳಿಗೆ ಕೊರತೆಯಿಲ್ಲ.

ರಾಮನಗರದ ರೀಲಿಂಗ್ ಘಟಕಗಳಲ್ಲಿ ತೆಗೆಯುವ ಕಚ್ಚಾ ರೇಷ್ಮೆಯ ದಪ್ಪವನ್ನು ಡೆನಿಯರ್‌ನಲ್ಲಿ ಹೇಳುತ್ತಾರೆ. 9000 ಮೀಟರ್ ನೂಲಿನ ತೂಕ ಎಷ್ಟು ಗ್ರಾಮೋ ಅಷ್ಟು ಡೆನಿಯರ್. ಇದನ್ನು ಅಳೆಯಲು 1.125 ಮೀಟರ್ ಸುತ್ತಳತೆಯ ಚಕ್ರಕ್ಕೆ 400 ಸುತ್ತು ನೂಲು ಸುತ್ತಿ, ಆ 450 ಮೀಟರನ್ನು ತೂಗುತ್ತಾರೆ. 20/22 ಎಂದು ಕರೆಯುವ ನೂಲು ಸರಾಸರಿ 21 ಡೆನಿಯರ್ ಇದ್ದರೆ ಈ ಸುರುಳಿಯ ತೂಕ 1.05 ಗ್ರಾಂ. ಒಂದು ಡೆನಿಯರ್ ಎಂದರೆ ಇಲ್ಲಿ 0.05 ಗ್ರಾಂ.

ಈಗ ವಿದ್ಯಾರ್ಥಿಗಳಿಗೆ ಒಂದೇ ಪ್ರಶ್ನೆ: ಈ ಅಳತೆಯಲ್ಲಿ ಅತಿ ದೊಡ್ಡ ಸಂಶಯ ಎಲ್ಲಿದೆ? ಚಕ್ರದ ಸುತ್ತಳತೆಯಲ್ಲಿ 1 ಮಿ.ಮೀ. ತಪ್ಪಿದ್ದರೆ 0.02 ಡೆನಿಯರ್. ಎಣಿಕೆಯಲ್ಲಿ ಒಂದು ಸುತ್ತು ತಪ್ಪಿದರೆ 0.05 ಡೆನಿಯರ್. 0.01 ಗ್ರಾಂ ತೋರಿಸುವ ತಕ್ಕಡಿಯ ಕೊನೆಯ ಅಂಕಿಯ ಅರ್ಧದಿಂದ 0.1 ಡೆನಿಯರ್. ತಕ್ಕಡಿ 0.1 ಗ್ರಾಂನದಾದರೆ ಅದರ ಒಂದು ಹೆಜ್ಜೆಯೇ 2 ಡೆನಿಯರ್. ಅಂದರೆ 20ರಿಂದ 22ರವರೆಗಿನ ಇಡೀ ಅಂತರ ಒಂದೇ ಅಂಕಿಯೊಳಗೆ ಅಡಗಿಬಿಡುತ್ತದೆ. ಒಂದು ಗೂಡಿನ ಎಳೆ 2ರಿಂದ 3 ಡೆನಿಯರ್ ಇರುವುದರಿಂದ, ಬಿಚ್ಚುವಾಗ ಒಂದು ಎಳೆ ಕಡಿದು ಹೋಗಿದೆಯೇ ಎಂದು ಹೇಳುವುದೂ ಆ ತಕ್ಕಡಿಗೆ ಕಷ್ಟ.

ಇನ್ನು ತೇವಾಂಶ. ರೇಷ್ಮೆ ಗಾಳಿಯ ತೇವವನ್ನು ಹೀರುತ್ತದೆ. ವ್ಯಾಪಾರದಲ್ಲಿ ಒಪ್ಪಿದ ಪ್ರಮಾಣ, 100 ಗ್ರಾಂ ಒಣ ರೇಷ್ಮೆಗೆ 11 ಗ್ರಾಂ ನೀರು. ಮಳೆಗಾಲದ ದಿನ ಅದು 16 ಗ್ರಾಂಗೆ ಏರಿದರೆ ತೂಕ ಶೇ. 4.5ರಷ್ಟು ಹೆಚ್ಚಿ, ಅದೇ ನೂಲು 21ರ ಬದಲು ಸುಮಾರು 22 ಡೆನಿಯರ್ ಆಗಿ ಕಾಣುತ್ತದೆ. ಚಕ್ರವನ್ನು ಎಷ್ಟು ನಯವಾಗಿ ತಯಾರಿಸಿದರೂ ಈ ದೋಷ ಹೋಗದು. ಒಲೆಯಲ್ಲಿ ಒಣಗಿಸಿ ತೂಗಿ ಲೆಕ್ಕ ಹಾಕಬೇಕು. ಯಾವ ಸಂಶಯವನ್ನು ಕಡಿಮೆ ಮಾಡಲು ಹಣ ಖರ್ಚು ಮಾಡಬೇಕು, ಯಾವುದನ್ನು ಬಿಟ್ಟುಬಿಡಬಹುದು ಎಂಬ ಈ ತೀರ್ಮಾನವೇ ಎಂಜಿನಿಯರನ ಕೆಲಸ. ನಮ್ಮ ಕೈಪಿಡಿಗಳಲ್ಲಿ ಇದಕ್ಕೆ ಜಾಗವಿಲ್ಲ.

ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ರಾಮನಗರದ ರೇಷ್ಮೆಗೂಡು ಮಾರುಕಟ್ಟೆಯಲ್ಲಿ ಇನ್ನೊಂದು ಪಾಠವಿದೆ. ಹರಾಜು ಈಗ ಕಂಪ್ಯೂಟರಿಗೆ ಬಂದಿದೆ. ಆದರೆ ಗೂಡಿನ ಗುಣವನ್ನು ಕೊಳ್ಳುವವರು ಬಹುಮಟ್ಟಿಗೆ ಕಣ್ಣಿನಿಂದ ನೋಡಿ, ಕೈಯಲ್ಲಿ ಒತ್ತಿ, ಅಲ್ಲಾಡಿಸಿ ತೀರ್ಮಾನಿಸುತ್ತಾರೆ. ಅಳೆಯಬಹುದಾದ ಗುಣವೊಂದು ಗೂಡಿನ ಒಟ್ಟು ತೂಕದಲ್ಲಿ ರೇಷ್ಮೆ ಪದರದ ಶೇಕಡಾ ಪ್ರಮಾಣ. ಗೂಡು 1.80 ಗ್ರಾಂ, ಹುಳು ತೆಗೆದ ಪದರ 0.31 ಗ್ರಾಂ ಇದ್ದರೆ ಅದು ಶೇ. 17.2. ಗೂಡಿನಿಂದ ಗೂಡಿಗೆ ವ್ಯತ್ಯಾಸವಿರುವುದರಿಂದ 50 ಗೂಡುಗಳನ್ನು ತೆಗೆದು ಸರಾಸರಿ ಮಾಡಬೇಕು. ಇದು ಯಾದೃಚ್ಛಿಕ ದೋಷ. ಆದರೆ ಒಳಗಿನ ಜೀವಂತ ಕೋಶದಿಂದ ನೀರು ಆರುತ್ತಲೇ ಇರುತ್ತದೆ. ಗೂಡಿನ ತೂಕ ಶೇ. 5ರಷ್ಟು ಇಳಿದು 1.71 ಆದರೆ ಪ್ರಮಾಣ 18.1ಕ್ಕೆ ಏರುತ್ತದೆ. ರೇಷ್ಮೆ ಒಂದು ಮಿಲಿಗ್ರಾಂ ಕೂಡ ಹೆಚ್ಚಿಲ್ಲ! 50ರ ಬದಲು 500 ಗೂಡು ತೂಗಿದರೂ ಈ ತಪ್ಪು ಸರಿಹೋಗದು. ವ್ಯವಸ್ಥಿತ ದೋಷಕ್ಕೂ ಯಾದೃಚ್ಛಿಕ ದೋಷಕ್ಕೂ ಇರುವ ಭೇದವನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಪ್ರಯೋಗ ಹುಡುಕುವುದು ಕಷ್ಟ. ಇದರ ಹಿಂದೆ ಒಂದು ಕುಟುಂಬದ ಒಂದು ಬೆಳೆಯ ದುಡಿಮೆಯಿದೆ ಎಂಬುದನ್ನು ವಿದ್ಯಾರ್ಥಿಗೆ ಬೇರೆಯಾಗಿ ಹೇಳಬೇಕಾಗಿಲ್ಲ.

ಅದೇ ಮಾರುಕಟ್ಟೆಯ ಎಲೆಕ್ಟ್ರಾನಿಕ್ ತಕ್ಕಡಿ ಲೋಡ್ ಸೆಲ್‌ಗೆ ಉದಾಹರಣೆ. ಲೋಡ್ ಸೆಲ್ ಅರಿಯುವುದು ದ್ರವ್ಯರಾಶಿಯನ್ನಲ್ಲ, ಬಲವನ್ನು. ಗುರುತ್ವ ಸುಮಾರು 9.79 ಇರುವ ದೆಹಲಿಯಲ್ಲಿ ಹೊಂದಿಸಿದ ತಕ್ಕಡಿಯನ್ನು ಇಲ್ಲಿಗೆ ತಂದು ಹಾಗೆಯೇ ಬಳಸಿದರೆ 50 ಕಿ.ಗ್ರಾಂ. ಗೂಡಿಗೆ ಸುಮಾರು 50 ಗ್ರಾಂ ಕಡಿಮೆ ತೋರಿಸುತ್ತದೆ. ಬಳಸುವ ಜಾಗದಲ್ಲೇ ಮಾನಕ ತೂಕಗಳಿಂದ ತಕ್ಕಡಿಯನ್ನು ಪರಿಶೀಲಿಸಿ ಮುದ್ರೆ ಹಾಕುವುದಕ್ಕೆ ಇದೂ ಒಂದು ಕಾರಣ. 2009ರ ಕಾನೂನು ಮಾಪನಶಾಸ್ತ್ರ ಅಧಿನಿಯಮದ ಹೆಸರನ್ನಾದರೂ ನಮ್ಮ ಎಷ್ಟು ಪದವೀಧರರು ಕೇಳಿದ್ದಾರೆ?

ಚನ್ನಪಟ್ಟಣದ ಅರಗಿನ ಬೊಂಬೆಗಳನ್ನು ಕಡೆಯುವ ಲೇತ್ ನಮ್ಮ ಮೆಟ್ರಾಲಜಿ ಭಾಗಕ್ಕೆ ಹೇಳಿ ಮಾಡಿಸಿದಂತಿದೆ. ಹಾಲೆ ಮರದ ತುಂಡನ್ನು ದುಂಡಗೆ ಕಡೆದು, ಪೂರ್ತಿ ಒಣಗದಿದ್ದರೆ ಕೆಲವು ವಾರಗಳ ನಂತರ ಅಳೆದು ನೋಡಿ. ಮರ ಬೆಳವಣಿಗೆಯ ಉಂಗುರಗಳ ಗುಂಟ ಹೆಚ್ಚು, ಅಡ್ಡಲಾಗಿ ಕಡಿಮೆ ಕುಗ್ಗುವುದರಿಂದ ವೃತ್ತ ಅಂಡಾಕಾರವಾಗುತ್ತದೆ. ಎರಡು ವಿದ್ಯಾರ್ಥಿಗಳು ಎರಡು ದಿಕ್ಕಿನಲ್ಲಿ ವರ್ನಿಯರ್ ಹಿಡಿದು ಎರಡು ಉತ್ತರ ಕೊಟ್ಟರೆ ಇಬ್ಬರೂ ಸರಿ. ‘ವ್ಯಾಸ’ ಎಂಬ ಒಂದೇ ಅಂಕಿ ಅಲ್ಲಿಲ್ಲ. ಏನನ್ನು ಅಳೆಯುತ್ತಿದ್ದೇವೆ ಎಂಬುದನ್ನು ಮೊದಲು ವಿವರಿಸಿಕೊಳ್ಳದಿದ್ದರೆ ಎಷ್ಟೇ ಸೂಕ್ಷ್ಮವಾದ ಉಪಕರಣವೂ ವ್ಯರ್ಥ.

ಬೊಂಬೆಯಲ್ಲಿ ಮಗುವಿನ ಸುರಕ್ಷತೆಯ ಮಾತೂ ಇದೆ. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಯ ಬಿಡಿಭಾಗ 31.7 ಮಿ.ಮೀ. ಒಳವ್ಯಾಸದ, ಓರೆ ತಳದ ಪರೀಕ್ಷಾ ಕೊಳವೆಯೊಳಗೆ ಪೂರ್ತಿ ಅಡಗಬಾರದು ಎಂಬುದು ಆಟಿಕೆ ಸುರಕ್ಷತೆಯ ಮಾನಕ. ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶ 2021ರ ಜನವರಿ 1ರಿಂದ ಜಾರಿಗೆ ಬಂದಾಗ ಭೌಗೋಳಿಕ ಸೂಚಕ ಪಡೆದ ಕರಕುಶಲ ಆಟಿಕೆಗಳಿಗೆ ವಿನಾಯಿತಿ ದೊರೆಯಿತು. ಆದರೆ ಮಗುವಿನ ಗಂಟಲಿಗೆ ವಿನಾಯಿತಿ ಇಲ್ಲ. ವಿದ್ಯಾರ್ಥಿಗಳು ಇಂಥ ಕೊಳವೆಯೊಂದನ್ನು ಲೇತ್‌ನಲ್ಲಿ ತಾವೇ ಕಡೆಯಲಿ. ಅದರ ಒಳವ್ಯಾಸ 31.4 ಆಗಿಬಿಟ್ಟರೆ ತಪ್ಪು ಯಾರ ಕಡೆಗೆ ವಾಲುತ್ತದೆ? 31.5 ಮಿ.ಮೀ.ನ ಅಪಾಯಕಾರಿ ತುಂಡು ಅದರಲ್ಲಿ ಇಳಿಯದೆ ‘ಸುರಕ್ಷಿತ’ ಎನಿಸಿಕೊಳ್ಳುತ್ತದೆ. 32.0 ಆದರೆ ಕುಶಲಕರ್ಮಿಯ ಒಳ್ಳೆಯ ತುಂಡೊಂದು ತಿರಸ್ಕೃತವಾಗಬಹುದು. ಲಿಮಿಟ್ ಗೇಜ್ ಅಧ್ಯಾಯದ ಸಾರವೆಲ್ಲ ಇಲ್ಲಿದೆ.

ಕನಕಪುರ, ಮಾಗಡಿಯ ರೇಷ್ಮೆಹುಳು ಸಾಕಣೆ ಮನೆಗಳಲ್ಲಿ ಒಣ ಮತ್ತು ಒದ್ದೆ ಬುರುಡೆಯ ಎರಡು ತಾಪಮಾಪಕಗಳಿಂದ ತೇವಾಂಶ ತಿಳಿಯುವ ಕ್ರಮವಿದೆ. ಒಣ ಬುರುಡೆ 25, ಒದ್ದೆ ಬುರುಡೆ 22 ಡಿಗ್ರಿ ತೋರಿಸಿದರೆ ಸಾಪೇಕ್ಷ ತೇವಾಂಶ ಸುಮಾರು ಶೇ. 77. ಒದ್ದೆ ಬುರುಡೆ ಅರ್ಧ ಡಿಗ್ರಿ ಕಡಿಮೆ ತೋರಿದರೆ ಅದು ಸುಮಾರು 73. ಒಂದು ಡಿಗ್ರಿಯ ಗೆರೆಗಳಿರುವ ಅಗ್ಗದ ತಾಪಮಾಪಕದಲ್ಲಿ ಅರ್ಧ ಡಿಗ್ರಿ ತಪ್ಪುವುದು ಎಷ್ಟು ಸುಲಭ! ಬತ್ತಿ ಕೊಳೆಯಾಗಿದ್ದರೆ, ಗಾಳಿ ಆಡದಿದ್ದರೆ ಒದ್ದೆ ಬುರುಡೆ ಸಾಕಷ್ಟು ತಣಿಯದೆ ತೇವಾಂಶ ಇರುವುದಕ್ಕಿಂತ ಹೆಚ್ಚೆಂದು ತೋರುತ್ತದೆ. ಬೆಳೆದ ಹುಳುಗಳಿಗೆ ಬೇಕಾದ ತೇವಾಂಶ ಶೇ. 70ರಿಂದ 75, ತೇವ ಅತಿಯಾದರೆ ಸುಣ್ಣಕಟ್ಟು ರೋಗದ ಶಿಲೀಂಧ್ರಕ್ಕೆ ಅನುಕೂಲ, ಕಡಿಮೆಯಾದರೆ ಹಿಪ್ಪುನೇರಳೆ ಸೊಪ್ಪು ಬೇಗ ಒಣಗುತ್ತದೆ. ಹತ್ತು ಮನೆಗಳ ತಾಪಮಾಪಕಗಳನ್ನು ಒಂದೇ ನೀರಿನ ಪಾತ್ರೆಯಲ್ಲಿಟ್ಟು ಪರೀಕ್ಷಿತ ತಾಪಮಾಪಕದೊಂದಿಗೆ ಹೋಲಿಸಿ, ಪ್ರತಿಯೊಂದಕ್ಕೂ ತಿದ್ದುಪಡಿಯ ಚೀಟಿ ಅಂಟಿಸಿ ಹಿಂದಿರುಗಿಸಿದರೆ ಅದು ಪೂರ್ಣ ಅರ್ಥದಲ್ಲಿ ಕ್ಯಾಲಿಬ್ರೇಷನ್, ರೈತರಿಗೂ ಉಪಯೋಗ.

ಆಕ್ಷೇಪಣೆಗಳು

ಅಧ್ಯಾಪಕ ಮಿತ್ರರು ಹೇಳುವ ಮಾತುಗಳು ನನಗೆ ಗೊತ್ತು. ಮೂರು ಗಂಟೆಯಲ್ಲಿ ಇಡೀ ಬ್ಯಾಚನ್ನು ಮುಗಿಸಬೇಕು. ತಪಾಸಣೆಗೆ ಬರುವ ಸಮಿತಿ ಉಪಕರಣಗಳ ಪಟ್ಟಿ ಕೇಳುತ್ತದೆ, ವಿದ್ಯಾರ್ಥಿ ಕೇಳಿದ ಪ್ರಶ್ನೆಗಳ ಪಟ್ಟಿಯನ್ನಲ್ಲ. ಎಲ್ಲರಿಗೂ ಒಂದೇ ಉತ್ತರವಿದ್ದರೆ ಮೌಲ್ಯಮಾಪನ ಸುಲಭ, ವಿವಾದವಿಲ್ಲ. ಇವು ಸುಳ್ಳಲ್ಲ. ಹೊರಗಿನ ವಸ್ತುಗಳನ್ನು ತಂದರೆ ಯಂತ್ರಗಳ ಪರಿಚಯಕ್ಕೆ ಸಮಯ ಸಾಲದು ಎಂಬುದೂ ಸ್ವಲ್ಪ ಮಟ್ಟಿಗೆ ನಿಜ. ಆಟೋಕಾಲಿಮೇಟರನ್ನು ಬಿಟ್ಟು ರೇಷ್ಮೆಗೂಡು ತೂಗಿರಿ ಎಂದು ನಾನು ಹೇಳುತ್ತಿಲ್ಲ.

ಆದರೆ ಈ ಸುಲಭಕ್ಕೆ ನಾವು ತೆರುವ ಬೆಲೆಯನ್ನೂ ನೋಡಬೇಕು. ಬೇಕಾದ ಉತ್ತರ ಬರುವವರೆಗೆ ಗುಬುಟು ತಿರುಗಿಸುವ, ಬಾರದಿದ್ದರೆ ನಕಲು ಮಾಡುವ ಅಭ್ಯಾಸ ಪದವಿಯೊಂದಿಗೆ ಮುಗಿಯುವುದಿಲ್ಲ. ಅದೇ ವಿದ್ಯಾರ್ಥಿ ಮುಂದೆ ಕಾರ್ಖಾನೆಯ ಗುಣಮಟ್ಟ ವಿಭಾಗದಲ್ಲಿ, ಆಸ್ಪತ್ರೆಯ ಉಪಕರಣ ನಿರ್ವಹಣೆಯಲ್ಲಿ, ಅಣೆಕಟ್ಟಿನ ನೀರಿನ ಮಟ್ಟದ ದಾಖಲೆಯಲ್ಲಿ ಸಹಿ ಹಾಕುವವನು.

ಏನು ಮಾಡಬಹುದು?

ಪಠ್ಯಕ್ರಮ ಬದಲಾಗುವವರೆಗೆ ಕಾಯಬೇಕಿಲ್ಲ. ಮೊದಲನೆಯದಾಗಿ, ಎಲ್‌ವಿಡಿಟಿ ಮತ್ತು ಲೋಡ್ ಸೆಲ್ ಪ್ರಯೋಗಗಳಲ್ಲಿ ಹೊಂದಾಣಿಕೆ ಮುಗಿದ ಮೇಲೆ ಗುಬುಟಿಗೆ ಟೇಪ್ ಅಂಟಿಸಿ, ಹೊಂದಾಣಿಕೆಗೆ ಬಳಸದ ಬೇರೆ ಸ್ಲಿಪ್ ಗೇಜ್ ಅಥವಾ ತೂಕಗಳಿಂದ ಏರುವಾಗಲೂ ಇಳಿಯುವಾಗಲೂ ಓದಿಸಬಹುದು. ಎರಡನೆಯದಾಗಿ, ರೆಕಾರ್ಡ್ ಪುಸ್ತಕದ ‘ಫಲಿತಾಂಶ’ದ ಕೆಳಗೆ ಇನ್ನೊಂದು ಸಾಲು ಸೇರಿಸಬಹುದು: ಈ ಅಂಕಿಯಲ್ಲಿ ಅತಿ ದೊಡ್ಡ ಸಂಶಯ ಯಾವುದರಿಂದ, ಎಷ್ಟು? ಮೂರನೆಯದಾಗಿ, ಸೆಮಿಸ್ಟರಿಗೆ ಒಂದಾದರೂ ಪ್ರಯೋಗ ಅಧ್ಯಾಪಕರಿಗೂ ಉತ್ತರ ಗೊತ್ತಿಲ್ಲದ್ದಾಗಿರಲಿ. ಅದು ಊರಿನ ನೂಲಿರಲಿ, ಬೊಂಬೆಯಿರಲಿ, ತಾಪಮಾಪಕವಿರಲಿ.

ಕೊನೆಯದು ನನ್ನಂಥ ಪರೀಕ್ಷಕರಿಗೆ. ಮೌಖಿಕ ಪರೀಕ್ಷೆಯಲ್ಲಿ ಎಲ್‌ವಿಡಿಟಿಯ ಪೂರ್ಣ ಹೆಸರು ಕೇಳುವುದನ್ನು ಬಿಟ್ಟು, ಕೋಷ್ಟಕದ ಯಾವುದಾದರೂ ಒಂದು ಸಾಲಿನ ಮೇಲೆ ಬೆರಳಿಟ್ಟು “ಇದನ್ನು ಎಷ್ಟು ನಂಬುತ್ತೀಯ, ಏಕೆ?” ಎಂದು ಕೇಳೋಣ. 0.00 ಎಂದು ಬರೆದವನಿಗಿಂತ, 0.03 ಬಂದಿದೆ, ಕಾರಣ ಇದಿರಬಹುದು ಎಂದು ವಿವರಿಸಿದವನಿಗೆ ಹೆಚ್ಚು ಅಂಕ ಕೊಡೋಣ. ಆ ದಿನ ನಾನು ಹಾಗೆ ಮಾಡಲಿಲ್ಲ. ಮುಂದಿನ ಬ್ಯಾಚಿನ ವಿದ್ಯಾರ್ಥಿಗಳಿಗೆ ಈ ವಿಷಯ ಒಂದೆರಡು ತಿಂಗಳಲ್ಲೇ ತಿಳಿದುಹೋಗುತ್ತದೆ, ರೆಕಾರ್ಡ್ ಪುಸ್ತಕಗಳೂ ಆಗ ತಾವಾಗಿಯೇ ಬದಲಾಗುತ್ತವೆ.